ಒತ್ತಡದ ಹಿತಾಹಿತ



ವಿರಾಟರಾಯನ ಅಂತಃಪುರದಲ್ಲಿ ಹೆಂಗಳೆಯರ ನಡುವೆ ಕುಳಿತು, ತಕ್ಕ ಸಾರಥಿಯೊಬ್ಬನು ದೊರೆತಿದ್ದರೆ ಭೀಷ್ಮ ದ್ರೋಣ ಕರ್ಣಾದಿಗಳನ್ನು ಒಂದೇ ಹಗಲಿನಲ್ಲಿ ಬಡಿದಟ್ಟಿ ತುರುಗಳನ್ನು ಮರಳಿ ತರುತ್ತಿದ್ದೆನೆಂದು ಬಡಾಯಿ ಕೊಚ್ಚಿದ ಉತ್ತರಕುಮಾರನ ಪ್ರಸಂಗವನ್ನು ಗಮಕದಲ್ಲಿಯೋ ತಾಳಮದ್ದಲೆಯಲ್ಲಿಯೋ ಕೇಳಿ ನಗದವರು ನಮ್ಮಲ್ಲಿ ವಿರಳ. ಸಾರಥಿ ದೊರೆತದ್ದಾಯಿತು, ರಥ ಊರ ಹೊರಗೆ ಬಂದದ್ದಾಯಿತು, ದಿಗಂತದವರೆಗೂ ಹಬ್ಬಿದ ಕೌರವಸೇನೆ ಕಣ್ಣಿಗೆ ಬಿದ್ದ ಕ್ಷಣದಲ್ಲಿಯೇ ರಾಜಕುಮಾರನ ಮೈ ನವಿರೆದ್ದು, ಬಾಯಿ ಒಣಗಿ, ಕೈಕಾಲು ನಡುಗಿ, ಅವನು ರಥದಿಂದ ಧುಮುಕಿ ಊರ ಕಡೆಗೆ ಓಟ ಕಿತ್ತದ್ದೂ ಆಯಿತು. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯೊಂದನ್ನು ಇಟ್ಟುಕೊಂಡು ಮಿಕ್ಕುದನ್ನೆಲ್ಲ ನಾವು ಹಾಸ್ಯಕ್ಕೆ ಬಿಟ್ಟಿದ್ದೇವೆ. ಆದರೆ ಅದೇ ರಥದಲ್ಲಿ, ಅದೇ ಗಳಿಗೆಯಲ್ಲಿ, ಅದೇ ಸೇನೆಯನ್ನು ನೋಡುತ್ತ ಇನ್ನೊಬ್ಬನಿದ್ದನೆಂಬುದನ್ನೂ, ಬೃಹನ್ನಳೆಯ ವೇಷದಲ್ಲಿ ಸಾರಥಿಯಾಗಿದ್ದ ಅರ್ಜುನನಿಗೆ ಆ ನೋಟದಿಂದ ಹುರುಪೇರಿತೇ ಹೊರತು ಕಾಲು ಕೀಳಬೇಕೆನ್ನಿಸಲಿಲ್ಲವೆಂಬುದನ್ನೂ ಗಮನಿಸಿದರೆ, ಇಂದು ನನಗೆ ಒಪ್ಪಿಸಿರುವ ವಿಷಯದ ತಿರುಳು ಆ ರಥದೊಳಗೇ ಇದೆಯೆಂದು ತೋರುತ್ತದೆ. ಮನುಷ್ಯನನ್ನು ಬೆಳೆಸುವ ಒತ್ತಡ ಯಾವುದು, ಅವನನ್ನು ಕೊರೆದು ಹಾಳುಗೆಡಹುವ ಒತ್ತಡ ಯಾವುದು, ದಿನದಿನದ ಬಾಳಿನಲ್ಲಿ ಇವೆರಡನ್ನೂ ತೂಗಿಸಿಕೊಂಡು ಹೋಗುವ ಬಗೆಯೇನು ಎಂಬುದೇ ಆ ವಿಷಯ.

ಉತ್ತರನ ದೇಹದಲ್ಲಿ ಆ ಗಳಿಗೆ ನಡೆದುದೇನೆಂಬುದನ್ನು ಆಧುನಿಕ ಶರೀರಶಾಸ್ತ್ರ ಸಾಕಷ್ಟು ವಿಶದವಾಗಿ ಹೇಳಬಲ್ಲುದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ವಾಲ್ಟರ್ ಕ್ಯಾನನ್ ಎಂಬವರು ಬೆಕ್ಕುಗಳ ಜಠರದ ಚಲನೆಯನ್ನು ಕ್ಷ-ಕಿರಣದ ನೆರವಿನಿಂದ ಪರೀಕ್ಷಿಸುತ್ತಿದ್ದಾಗ, ಬೆಕ್ಕು ಸಿಟ್ಟಿಗೆದ್ದರೆ ಅಥವಾ ಗಾಬರಿಗೊಂಡರೆ ಆ ಚಲನೆ ತಟ್ಟನೆ ನಿಂತುಹೋಗುವುದನ್ನು ಕಂಡರು. ಪಚನವನ್ನು ಅಳೆಯಲು ಹೊರಟವರಿಗೆ ಇದು ತೊಡಕಾಗಿ ಕಾಣಬಹುದಾಗಿತ್ತು. ಕ್ಯಾನನ್ನರು ಆ ತೊಡಕನ್ನೇ ಹಿಡಿದು ಹೋದರು, ಮತ್ತು ನೋವು, ಹಸಿವು, ಭಯ, ಕ್ರೋಧಗಳಲ್ಲಿ ದೇಹಕ್ಕುಂಟಾಗುವ ವಿಕಾರಗಳನ್ನು ಕುರಿತ ಅವರ ಗ್ರಂಥ 1915ರಲ್ಲಿ ಪ್ರಕಟವಾಯಿತು. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಗಳು ಅಪಾಯದ ಸುಳಿವು ಸಿಕ್ಕಿದೊಡನೆ ಅಡ್ರಿನಲಿನ್ ಎಂಬ ರಸವನ್ನು ನೆತ್ತರಿಗೆ ಬಿಡುತ್ತವೆ, ಎದೆಬಡಿತ ಏರುತ್ತದೆ, ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ಹೊರಕ್ಕೆ ಕಳುಹುತ್ತದೆ, ಜಠರಕ್ಕೆ ಹರಿಯಬೇಕಾದ ರಕ್ತ ತೊಡೆತೋಳುಗಳ ಸ್ನಾಯುಗಳಿಗೆ ಹರಿಯುತ್ತದೆ, ಊಟ ಮಾಡುವ ಹೊತ್ತು ಅದಲ್ಲವಾದುದರಿಂದ ಬಾಯಿಯ ಲಾಲಾರಸವೂ ಬತ್ತುತ್ತದೆ. ಹೋರಾಡು, ಇಲ್ಲವೇ ಓಡು ಎಂಬ ಎರಡು ಕಾರ್ಯಗಳಿಗೂ ಇದೊಂದೇ ಸಿದ್ಧತೆ. ಎಂದಮೇಲೆ ಉತ್ತರನ ದೇಹ ಅವನಿಗೇನೂ ದ್ರೋಹ ಬಗೆಯಲಿಲ್ಲ. ಅರ್ಜುನನ ದೇಹ ಒದಗಿಸಿದ ಸಾಮಗ್ರಿಯನ್ನೇ ಇವನ ದೇಹವೂ ಒದಗಿಸಿತು. ಅದನ್ನು ತೋಳಿಗೆ ಕೊಡಲು ಬಾರದೆ ಅವನು ಕಾಲಿಗೆ ಕೊಟ್ಟನು, ಅಷ್ಟೆ.

ಕ್ಯಾನನ್ನರು ಬಿಟ್ಟ ಎಡೆಯಿಂದ ಮುಂದುವರಿದವರು ಹಾನ್ಸ್ ಸೆಲ್ಯೆ. ವಿಯೆನ್ನಾದಲ್ಲಿ ಹುಟ್ಟಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನೆಲೆಸಿದ ಈ ತರುಣ ವೈದ್ಯರು ಹೊಸದೊಂದು ಗ್ರಂಥಿರಸವನ್ನು ಕಂಡುಹಿಡಿಯುವ ಹಂಬಲದಿಂದ ಇಲಿಗಳಿಗೆ ಅಂಡಾಶಯದ ಸಾರವನ್ನು ಚುಚ್ಚುತ್ತಿದ್ದರು. ಇಲಿಗಳ ಅಡ್ರಿನಲ್ ಗ್ರಂಥಿಗಳು ಊದಿಕೊಂಡವು, ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿ ಕುಗ್ಗಿತು, ಹೊಟ್ಟೆಯಲ್ಲಿ ಹುಣ್ಣುಗಳೆದ್ದವು. ಆದರೆ ಏನನ್ನು ಚುಚ್ಚಿದರೂ, ಚಳಿಯಲ್ಲಿಟ್ಟರೂ, ಮೈಮುರಿಯುವಷ್ಟು ಓಡಿಸಿದರೂ ಅದೇ ಮೂರು ಲಕ್ಷಣಗಳು ತೋರಿದಾಗ, ಕಾರಣ ಬೇರೆಬೇರೆಯಾದರೂ ದೇಹದ ಉತ್ತರ ಒಂದೇ ಎಂಬ ತತ್ತ್ವ ಅವರಿಗೆ ಹೊಳೆಯಿತು. 1936ರ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟವನ್ನೂ ತುಂಬದ ಪತ್ರವಾಗಿ ಅದನ್ನು ಅವರು ಪ್ರಕಟಿಸಿದರು. ಮೊದಲು ಎಚ್ಚರಿಕೆಯ ಗಂಟೆ, ಆ ಬಳಿಕ ಸೆಣಸಿ ನಿಲ್ಲುವ ಕಾಲ, ಸೆಣಸಾಟ ಮುಗಿಯದೆ ಬೆಳೆದರೆ ಕಡೆಯಲ್ಲಿ ಸವೆತ: ಇದು ಅವರು ಗುರುತಿಸಿದ ಕ್ರಮ. ಒತ್ತಡವೆಂದರೆ ಹಗೆಯೇ ಎಂದು ಜನ ತಿಳಿಯಲಾರಂಭಿಸಿದುದನ್ನು ಕಂಡು, ಕಡೆಗಾಲದ ಬರಹಗಳಲ್ಲಿ ಸೆಲ್ಯೆಯವರೇ ಹಿತಕರವಾದ ಒತ್ತಡವೊಂದುಂಟೆಂಬುದನ್ನೂ, ಒತ್ತಡವೇ ಇಲ್ಲದ ಸ್ಥಿತಿಯನ್ನು ಮರಣದ ಈಚೆಗೆ ಕಾಣಲಾಗದೆಂಬುದನ್ನೂ ಒತ್ತಿ ಹೇಳಬೇಕಾಗಿ ಬಂದಿತು.

ಒತ್ತಡವಿಲ್ಲದೆ ಮೂಳೆ ಕೂಡ ನಿಲ್ಲದು. ಮೈಯ ಭಾರವೇ ತಿಳಿಯದಂತೆ ಅಂತರಿಕ್ಷದಲ್ಲಿ ತೇಲುವ ಯಾತ್ರಿಕರಿಗೆ ನಡೆಯುವ, ಹೊರುವ, ಎದ್ದುನಿಲ್ಲುವ ಶ್ರಮ ತಪ್ಪುವುದರಿಂದ, ಸೊಂಟ ತೊಡೆಗಳ ಎಲುಬಿನ ಸಾಂದ್ರತೆ ತಿಂಗಳಿಗೆ ಶೇಕಡಾ 1ರಷ್ಟು, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ, ಕರಗುತ್ತದೆ. ಪೈರಿಗೂ ಇದೇ ನ್ಯಾಯ. ಹಾವೇರಿ ಸೀಮೆಯಲ್ಲಿ ಗುಳಿರಾಗಿಯೆಂಬ ಬೇಸಾಯಪದ್ಧತಿಯೊಂದುಂಟು. ಉದ್ದಗಲಕ್ಕೆ ಸಾಲು ಹೊಡೆದು, ಸಾಲುಗಳು ಕೂಡುವೆಡೆಯ ಗುಳಿಗಳಲ್ಲಿ ಗೊಬ್ಬರ ಹಾಕಿ ಎರಡೆರಡು ಸಸಿಗಳನ್ನು ನೆಟ್ಟ ರೈತನು, ಸಸಿ ಬೇರೂರಿ ನಿಂತಿತೆನ್ನುವಾಗ ಎತ್ತುಗಳಿಗೆ ಕೊರಡನ್ನು ಕಟ್ಟಿ ಪೈರಿನ ಮೇಲೆಯೇ ಎಳೆಸುತ್ತಾನೆ. ಹೊಸಬರು ನೋಡಿದರೆ ಎದೆ ಧಸಕ್ಕೆನ್ನಬೇಕು. ಹಸಿರೆಲ್ಲ ನೆಲಕ್ಕೊರಗಿ ಹೊಲವೇ ಹಾಳಾಯಿತೆನ್ನಿಸುತ್ತದೆ. ಕೆಲವು ದಿನಗಳಲ್ಲಿ ಬಾಗಿದ ಸಸಿ ತಲೆಯೆತ್ತುತ್ತದೆ, ಬುಡದಲ್ಲಿ ಬೇರು ಹೆಚ್ಚಿ ತೆಂಡೆಯೊಡೆಯುತ್ತದೆ, ಒಂದು ಬುಡಕ್ಕೆ ಹಿಡಿಗಟ್ಟಲೆ ತೆನೆಗಳು ಬರುತ್ತವೆ. ಆದರೆ ಪೈರು ಎಳೆಯದಾಗಿರುವಾಗ ಮಾತ್ರ ಈ ಉಪಚಾರ. ಒಮ್ಮೆ ಎಳೆದ ಮೇಲೆ ಅದು ಎದ್ದು ನಿಲ್ಲುವುದಕ್ಕೆ ಬಿಡುವು ಕೊಟ್ಟೇ ಮತ್ತೊಮ್ಮೆ ಎಳೆಸತಕ್ಕದ್ದು. ದಿನವೂ ಕೊರಡು ಹಾಯಿಸುವ, ಅಥವಾ ಕಾಂಡ ಗಟ್ಟಿಯಾಗಿ ಹೊಡೆ ಹೊರಡುವ ಹೊತ್ತಿಗೆ ಹಾಯಿಸುವ ರೈತನಿಗೆ ದಕ್ಕುವುದು ಹುಲ್ಲು. ಮಕ್ಕಳಿಗೆ ಕಷ್ಟದ ಅರಿವಾಗಲೆಂದು ಸದಾ ಗದರಿಸುತ್ತಲೇ ಇರುವ ತಂದೆಯರು ಈ ಎರಡನೆಯ ಬಗೆಯ ಬೇಸಾಯಗಾರರು.

ಮಕ್ಕಳ ಮಾತು ಬಂದುದರಿಂದ ಪರೀಕ್ಷೆಯ ವಿಚಾರವನ್ನು ಎತ್ತದೆ ವಿಧಿಯಿಲ್ಲ. ಮಾರ್ಚಿ ತಿಂಗಳು ಸಮೀಪಿಸಿತೆಂದರೆ ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಎಸ್.ಎಸ್.ಎಲ್.ಸಿ.ಗೆ ಕುಳಿತವನು ಮಗನಾದರೂ ಊಟ ಬಿಟ್ಟವಳು ತಾಯಿ, ನಿದ್ದೆ ಬಿಟ್ಟವನು ತಂದೆ. ಇಂಥ ಒತ್ತಡ ಕಲಿಕೆಗೆ ಎಷ್ಟರಮಟ್ಟಿಗೆ ನೆರವಾದೀತೆಂಬುದನ್ನು ತೂಗಿ ನೋಡಲು ನೆರವಾಗುವ ಒಂದು ಪ್ರಯೋಗವನ್ನು ಯರ್ಕೀಸ್ ಮತ್ತು ಡಾಡ್ಸನ್ ಎಂಬಿಬ್ಬರು 1908ರಲ್ಲಿ ಪ್ರಕಟಿಸಿದ್ದರು. ಸುಂಡಿಲಿಗಳು ಬಿಳಿಯ ಬಾಗಿಲು ಕರಿಯ ಬಾಗಿಲುಗಳನ್ನು ಬೇರ್ಪಡಿಸಿ ತಿಳಿಯಬೇಕು. ತಪ್ಪು ಬಾಗಿಲನ್ನು ಹೊಕ್ಕರೆ ವಿದ್ಯುತ್ತಿನ ಪೆಟ್ಟು. ಬಿಳುಪು ಕಪ್ಪುಗಳ ಭೇದ ಎದ್ದು ತೋರುವಷ್ಟಿದ್ದಾಗ, ಪೆಟ್ಟು ಬಲವಾದಷ್ಟೂ ಇಲಿಗಳು ಬೇಗ ಕಲಿತವು. ಭೇದ ಸೂಕ್ಷ್ಮವಾಗಿ ಕೆಲಸ ಕಠಿಣವಾದಾಗ ಮಾತ್ರ ಮಧ್ಯಮವಾದ ಪೆಟ್ಟಿಗೆ ಬೇಗ ಕಲಿತವು. ಅದಕ್ಕಿಂತ ಬಲವಾದರೆ ಕಲಿಕೆ ಹಿಂದೆ ಬಿದ್ದಿತು. ಇಲಿಯ ನ್ಯಾಯವನ್ನು ಮನುಷ್ಯನಿಗೆ ಇಡಿಯಾಗಿ ಹಚ್ಚಲಾಗದೆಂಬುದು ನಿಜವಾದರೂ, ಬೆತ್ತದ ಹೆದರಿಕೆಯಿಂದ ಮಗ್ಗಿ ಬಾಯಿಗೆ ಬರಬಹುದು, ರೇಖಾಗಣಿತದ ಪ್ರಮೇಯ ತಲೆಗೆ ಹತ್ತದು ಎಂಬುದನ್ನು ಪಾಠ ಹೇಳಿದವರೆಲ್ಲರೂ ಬಲ್ಲರು. ಪರೀಕ್ಷೆಯ ಬೆಳಗಿನಲ್ಲಿ ಮಗುವಿನ ಅಂಗೈ ಸ್ವಲ್ಪ ಬೆವರಿದರೆ ಗಾಬರಿಪಡಬೇಕಾದುದಿಲ್ಲ. ಅದು ಬುದ್ಧಿ ಸೊಂಟ ಕಟ್ಟಿದ ಗುರುತು. ಓದಿದುದೆಲ್ಲ ಮರೆತುಹೋಯಿತೆಂದು ಅದು ಅಳುವಷ್ಟು ಮನೆಯವರೆಲ್ಲ ಕೂಡಿ ಅದರ ಮೇಲೆ ಹೊರೆ ಹೇರಿದ್ದರೆ, ಆ ತಪ್ಪು ಮಗುವಿನದಲ್ಲ.

ಹಾಗಾದರೆ ಹೊರೆಯ ತೂಕವೊಂದೇ ಹಿತಾಹಿತವನ್ನು ನಿರ್ಣಯಿಸುವುದೆ? ನನಗೆ ಹಾಗೆ ತೋರದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಟ್ಟಿದ್ದಾರಷ್ಟೆ. ಆ ಮದುವೆಯ ಮನೆಗೇ ಹೋಗಿ ನೋಡೋಣ. ಹಿತ್ತಿಲ ಚಪ್ಪರದಲ್ಲಿ ಬೆಳಗಿನ ಜಾವದಿಂದ ಒಲೆ ಉರಿಯುತ್ತಿದೆ. ಅಡುಗೆಭಟ್ಟರು ಸೊಂಟಕ್ಕೆ ಪಂಚೆ ಬಿಗಿದು, ಹೆಗಲ ಮೇಲಿನ ಚೌಕದಲ್ಲಿ ಬೆವರೊರಸುತ್ತ, ಒಂದು ಕಣ್ಣನ್ನು ಹುಳಿಯ ಕೊಳಗದ ಮೇಲೂ ಇನ್ನೊಂದು ಕಣ್ಣನ್ನು ಅನ್ನ ಬಸಿಯುತ್ತಿರುವ ಹುಡುಗನ ಮೇಲೂ ಇಟ್ಟಿದ್ದಾರೆ. ಐನೂರು ಎಲೆಯೆಂದು ಗೊತ್ತುಮಾಡಿದ್ದವರು ಈಗ ಬಂದು, “ಭಟ್ಟರೇ, ಇನ್ನೂ ನೂರೈವತ್ತು ಜನ ಆಗ್ತಾರೆ” ಎಂದರೆ ಅವರು ಒಮ್ಮೆ ಗೊಣಗಿ, “ಲೋ ಮರಿ, ಇನ್ನೊಂದು ಕೊಳಗ ಎಸರಿಡೋ; ಬಡಿಸೋರಿಗೆ ಹೇಳು, ಕೋಸಂಬರಿ ಪಲ್ಯ ನಿಧಾನವಾಗಿ ಬರಲಿ” ಎಂದು ಹೇಳಿ ಸೌಟು ತಿರುಗಿಸುತ್ತಾರೆ. ಅವರ ಎದೆಯೂ ಡವಗುಟ್ಟುತ್ತಿದೆ, ಸಂಶಯವಿಲ್ಲ. ಆದರೆ ಏನು ಮಾಡಬೇಕೆಂಬುದನ್ನು ಅವರು ಬಲ್ಲರು, ಮಾಡುವ ಅಧಿಕಾರ ಅವರದು. ಮೂರು ಗಂಟೆಯ ಹೊತ್ತಿಗೆ ಕಡೆಯ ಪಂಕ್ತಿ ಎದ್ದರೆ ಎಲೆಯಡಿಕೆ ಹಾಕಿಕೊಂಡು ಉಗ್ರಾಣದ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಗೊರಕೆ ಹೊಡೆಯಬಲ್ಲರು. ಮುಂಬಾಗಿಲಲ್ಲಿ ಜರಿಯಂಚಿನ ಶಲ್ಯ ಹೊದ್ದು, ಪನ್ನೀರು ಚಿಮುಕಿಸಿ ನಗುತ್ತ ನಿಂತಿರುವ ಹೆಣ್ಣಿನ ತಂದೆಯನ್ನು ನೋಡಿ. ಆ ನೂರೈವತ್ತು ಜನರನ್ನು ಕರೆದವರು ಬೀಗರು. ಬೇಡವೆನ್ನುವ ಬಾಯಿ ಈತನಿಗಿಲ್ಲ. ಎಲೆಯ ಲೆಕ್ಕ ಏರಿದಂತೆ ಸಾಲದ ಲೆಕ್ಕವೂ ಏರುವುದನ್ನು ಈತ ಮನಸ್ಸಿನಲ್ಲಿಯೇ ಕೂಡುತ್ತಿದ್ದಾನೆ. ಮೂರು ಗಂಟೆಗೆ ಭಟ್ಟರ ಹೊರೆ ಇಳಿಯಿತು. ಈತನ ಹೊರೆ ಬಡ್ಡಿಯೊಂದಿಗೆ ಮನೆಗೆ ನಡೆಯಿತು. ಕೆಲಸವನ್ನು ಅಳೆದರೆ ಹೆಚ್ಚು ದುಡಿದವರು ಭಟ್ಟರು. ಮೈ ಸವೆಸಿಕೊಂಡವನು ಈತ.

ಇದು ಕೇವಲ ಚಮತ್ಕಾರದ ಮಾತಲ್ಲ. 1970ರ ಸುಮಾರಿನಲ್ಲಿ ನ್ಯೂಯಾರ್ಕಿನ ರಾಕಫೆಲರ್ ವಿಶ್ವವಿದ್ಯಾನಿಲಯದ ಜೇ ವೈಸ್ ಎಂಬವರು ಎರಡು ಇಲಿಗಳಿಗೆ ಒಂದೇ ತಂತಿಯ ಮೂಲಕ ಒಂದೇ ಪ್ರಮಾಣದ ಪೆಟ್ಟು ಬೀಳುವಂತೆ ಏರ್ಪಡಿಸಿ, ಒಂದರ ಮುಂದೆ ಮಾತ್ರ ಪೆಟ್ಟನ್ನು ನಿಲ್ಲಿಸಬಲ್ಲ ಚಕ್ರವನ್ನಿಟ್ಟರು. ಆ ಇಲಿ ಚಕ್ರ ತಿರುಗಿಸಿದರೆ ಎರಡಕ್ಕೂ ಪೆಟ್ಟು ನಿಲ್ಲುತ್ತಿತ್ತು. ಆದುದರಿಂದ ಎರಡೂ ಉಂಡ ಪೆಟ್ಟು ಸಮಸಮ. ಹೊಟ್ಟೆಯ ಹುಣ್ಣು ಮಾತ್ರ ಸಮವಾಗಿರಲಿಲ್ಲ. ಚಕ್ರವಿಲ್ಲದೆ ಸುಮ್ಮನೆ ಸಹಿಸಿದ ಇಲಿಗೆ ಅದು ಬಹಳ ಹೆಚ್ಚು. ಮನುಷ್ಯರ ಮಾತಿಗೆ ಬಂದರೆ, ಇಂಗ್ಲೆಂಡಿನಲ್ಲಿ 1967ರಿಂದ ಸರ್ಕಾರಿ ನೌಕರರಲ್ಲಿ 17,000ಕ್ಕೂ ಹೆಚ್ಚು ಪುರುಷರನ್ನು ಪರೀಕ್ಷಿಸಿ ವರ್ಷಗಟ್ಟಲೆ ಅವರ ಆರೋಗ್ಯದ ಜಾಡು ಹಿಡಿದ ಅಧ್ಯಯನವೊಂದು ವೈಟ್‌ಹಾಲ್ ಅಧ್ಯಯನವೆಂದು ಪ್ರಸಿದ್ಧವಾಗಿದೆ. ದೊಡ್ಡ ಹುದ್ದೆಯವರಿಗೆ ದೊಡ್ಡ ಚಿಂತೆ, ಆದುದರಿಂದ ಹೃದ್ರೋಗವೂ ಅವರ ಸೊತ್ತೇ ಎಂಬುದು ಆವರೆಗಿನ ಲೋಕರೂಢಿಯ ನಂಬಿಕೆಯಾಗಿತ್ತು. ಕಂಡುಬಂದುದು ವಿಪರೀತ: ಹೃದ್ರೋಗದಿಂದ ಸತ್ತವರ ಪ್ರಮಾಣ ಮೇಲಿನ ಅಧಿಕಾರಿಗಳಲ್ಲಿ ಎಷ್ಟಿತ್ತೋ ಅದರ ಸುಮಾರು ಮೂರು ಪಟ್ಟು ತೀರ ಕೆಳಗಿನ ದರ್ಜೆಯವರಲ್ಲಿತ್ತು, ಧೂಮಪಾನವೇ ಮೊದಲಾದ ಕಾರಣಗಳನ್ನು ಕಳೆದು ನೋಡಿದರೂ ಅಂತರ ಅಳಿಯಲಿಲ್ಲ. 1985ರಲ್ಲಿ ಹೆಂಗಸರನ್ನೂ ಸೇರಿಸಿಕೊಂಡು ಆರಂಭವಾದ ಎರಡನೆಯ ಅಧ್ಯಯನದಲ್ಲಿ, ತನ್ನ ಕೆಲಸದ ಕ್ರಮವನ್ನು ತಾನೇ ನಿರ್ಧರಿಸುವ ಸ್ವಾತಂತ್ರ್ಯ ಯಾರಿಗೆ ಕಡಮೆಯೋ ಅವರ ಹೃದಯಕ್ಕೆ ಅಪಾಯ ಹೆಚ್ಚೆಂಬುದು ತಿಳಿದುಬಂದಿತು.

ಈ ಕಾರಣದಿಂದಲೇ, ಕಚೇರಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ನೌಕರರನ್ನು ಸಾಲಾಗಿ ಕೂರಿಸಿ ಮನಶ್ಶಾಂತಿಯ ಉಪನ್ಯಾಸ ಮಾಡಿಸಿ, ಮರುದಿನ ಅವರ ಕೈಯಲ್ಲಿ ಹಿಂದಿಗಿಂತ ಇನ್ನೂ ಹತ್ತು ಕಡತಗಳನ್ನಿಟ್ಟು ಸಂಜೆಯೊಳಗೆ ಮುಗಿಸಬೇಕೆನ್ನುವ ಮೇಲಧಿಕಾರಿಗಳ ಕಾರುಣ್ಯದಲ್ಲಿ ನನಗೆ ನಂಬಿಕೆ ಸಾಲದು. ಪ್ರಾಣಾಯಾಮ ಒಳ್ಳೆಯದು, ಉಸಿರನ್ನು ಎಳೆಯುವುದಕ್ಕಿಂತ ಬಿಡುವುದನ್ನು ದೀರ್ಘಮಾಡಿದರೆ ಎದೆಬಡಿತ ತಗ್ಗುವುದು ಪರೀಕ್ಷಿಸಿ ನೋಡಿರುವ ಸಂಗತಿ. ಆದರೆ ಸಾಲಗಾರನಿಗೆ ಪ್ರಾಣಾಯಾಮವನ್ನು ಕಲಿಸಿ ಬಡ್ಡಿಯನ್ನು ಹಾಗೆಯೇ ಉಳಿಸುವುದು ವೈದ್ಯವೂ ಅಲ್ಲ, ಧರ್ಮವೂ ಅಲ್ಲ. ಅಧಿಕಾರಿಯಾದವನು ಯಾವ ಕಡತ ಮೊದಲು, ಯಾವುದು ಆಮೇಲೆ ಎಂಬಷ್ಟನ್ನಾದರೂ ಗುಮಾಸ್ತನ ವಿವೇಚನೆಗೆ ಬಿಡಲಿ. ತಂದೆಯಾದವನು ಇಂದು ಗಣಿತವೋ ಚರಿತ್ರೆಯೋ ಎಂಬುದನ್ನು ಮಗನಿಗೇ ಬಿಡಲಿ. ಅತ್ತೆಯಾದವಳು ರಾತ್ರಿಯ ಅಡುಗೆ ಏನೆಂಬುದನ್ನು ಸೊಸೆಗೆ ಬಿಡಲಿ. ಇದಕ್ಕೆ ಕಾಸಿನ ಖರ್ಚಿಲ್ಲ, ಆದರೂ ನಮ್ಮಲ್ಲಿ ಇದು ಬಲು ದುಬಾರಿ.

ವಿರಾಟಪರ್ವದ ಕವಿಗೆ ಈ ಮರ್ಮ ತಿಳಿದಿತ್ತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಓಡುತ್ತಿದ್ದ ಉತ್ತರನನ್ನು ಅಟ್ಟಿಹಿಡಿದ ಬೃಹನ್ನಳೆ ಅವನನ್ನು ಮನೆಗೂ ಕಳುಹಲಿಲ್ಲ, ಬಿಲ್ಲು ಹಿಡಿದು ಭೀಷ್ಮನೆದುರು ನಿಲ್ಲೆಂದು ಬಲವಂತವನ್ನೂ ಮಾಡಲಿಲ್ಲ. ಶಮೀವೃಕ್ಷವನ್ನು ಹತ್ತಿಸಿ ಆಯುಧಗಳನ್ನಿಳಿಸಿಕೊಂಡು, ತಾನು ಯಾರೆಂಬುದನ್ನು ತಿಳಿಸಿ, ಕುದುರೆಗಳ ವಾಘೆಯನ್ನು ಅವನ ಕೈಗೆ ಕೊಟ್ಟನು. ಸೇನೆ ಅಷ್ಟೇ ದೊಡ್ಡದು, ಬಾಣಗಳು ಅಷ್ಟೇ ಹರಿತ. ಆದರೂ ತನ್ನ ಅಳವಿಗೆ ಸಿಕ್ಕುವ ಕೆಲಸವೊಂದು ಕೈಗೆ ಬಂದು, ಜೊತೆಯಲ್ಲಿ ನಂಬತಕ್ಕವನೊಬ್ಬನಿರಲಾಗಿ, ಓಡಿಹೋದವನೇ ಆ ಯುದ್ಧದ ನಡುವೆ ರಥ ನಡೆಸಿದನು. ಇನ್ನೊಂದು ಸ್ವಾರಸ್ಯವನ್ನು ಬಿಟ್ಟು ಮುಂದೆ ಹೋಗಲಾರೆ. ಇದಾದ ಸ್ವಲ್ಪವೇ ಕಾಲಕ್ಕೆ ಕುರುಕ್ಷೇತ್ರದಲ್ಲಿ ಅರ್ಜುನನ ಬಾಯೂ ಒಣಗಿತು, ಅವನ ಮೈಯೂ ನಡುಗಿತು, ಗಾಂಡೀವ ಕೈಯಿಂದ ಜಾರಿತು. ಗೀತೆಯ ಮೊದಲನೆಯ ಅಧ್ಯಾಯ ಆ ಲಕ್ಷಣಗಳನ್ನು ವೈದ್ಯನೊಬ್ಬನ ನಿಷ್ಕೃಷ್ಟತೆಯಿಂದ ಎಣಿಸುತ್ತದೆ. ಅವನಲ್ಲಿ ಶಕ್ತಿಯ ಕೊರತೆಯಿರಲಿಲ್ಲ, ಅಭ್ಯಾಸದ ಕೊರತೆಯೂ ಇರಲಿಲ್ಲ; ಮಾಡಹೊರಟ ಕೆಲಸ ಮಾಡತಕ್ಕುದೇ ಎಂಬ ಸಂಶಯವೊಂದೇ ಸಾಕಾಯಿತು. ದುಡಿಮೆಯಲ್ಲಿ ಸಾರ್ಥಕ್ಯ ಕಾಣದ ಸಮರ್ಥರು ದಣಿಯುವ ಬಗೆ ಇದು. ಹೊರಗಿನಿಂದ ನೋಡುವವರಿಗೆ ಅವರ ದಣಿವಿಗೆ ಕಾರಣವೇ ಕಾಣದು.

ಎಲ್ಲ ಕಾಯಿಲೆಯನ್ನೂ ಒತ್ತಡದ ತಲೆಗೆ ಕಟ್ಟುವುದು ಈಚಿನ ವಾಡಿಕೆಯಾಗಿದೆ, ಅದನ್ನೂ ಒಪ್ಪತಕ್ಕುದಲ್ಲ. ಮನುಷ್ಯರ ಹೊಟ್ಟೆಯ ಹುಣ್ಣು ಚಿಂತೆಯ ಫಲವೆಂದು ವೈದ್ಯರೇ ಬಹುಕಾಲ ನಂಬಿದ್ದರು. ಆಸ್ಟ್ರೇಲಿಯದ ವಾರೆನ್ ಮತ್ತು ಮಾರ್ಷಲ್ ಎಂಬವರು ಬಹುಪಾಲು ಹುಣ್ಣುಗಳ ಹಿಂದೆ ಒಂದು ಸೂಕ್ಷ್ಮಜೀವಿಯಿರುವುದನ್ನು ತೋರಿಸಿಕೊಟ್ಟು 2005ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಎದೆನೋವು ಬಂದರೆ ಟೆನ್ಷನ್ ಎಂದು ತಾವೇ ನಿರ್ಣಯಿಸಿಕೊಂಡು ಕೂರುವವರು ಇದನ್ನು ನೆನಪಿಡುವುದು ಕ್ಷೇಮ.

ಉಳಿದದ್ದು ಬಿಡುವಿನ ಮಾತು. ಒತ್ತಡದ ಕಾಲದಲ್ಲಿ ಅಡ್ರಿನಲಿನ್ನಿನ ಹಿಂದೆಯೇ ಬರುವ ಕಾರ್ಟಿಸಾಲ್ ಎಂಬ ರಸ ಮಾಮೂಲಿನ ದಿನಗಳಲ್ಲಿಯೂ ನೆತ್ತರಿನಲ್ಲಿ ಇದ್ದೇ ಇರುತ್ತದೆ. ನಾವು ಏಳುವ ಹೊತ್ತಿಗೆ ಉಬ್ಬರಕ್ಕೇರಿ, ಹಗಲು ಇಳಿದಂತೆ ಇಳಿದು, ನಡುರಾತ್ರಿಯ ಸುಮಾರಿಗೆ ತಳ ಸೇರುವುದು ಅದರ ಸಹಜ ಗತಿ. ರಾತ್ರಿ ಹತ್ತು ಗಂಟೆಗೆ ಮೊಬೈಲಿನಲ್ಲಿ ಕಚೇರಿಯ ಜಗಳವನ್ನು ಓದುವವನು, ಹಾಸಿಗೆಯಲ್ಲಿ ಮಲಗಿಯೇ ನಾಳೆಯ ವ್ಯವಹಾರವನ್ನು ಮಗುಚಿ ಹಾಕುವವನು, ಇಳಿಯಬೇಕಾದ ಹೊತ್ತಿನಲ್ಲಿ ದೇಹವನ್ನು ಏರಲು ಹಚ್ಚುತ್ತಾನೆ. ಒಂದು ರಾತ್ರಿಯಾದರೆ ಚಿಂತೆಯಿಲ್ಲ. ಅದೇ ಅಭ್ಯಾಸವಾದರೆ ರಕ್ತದೊತ್ತಡ ಏರುತ್ತದೆ, ನಿದ್ದೆ ಕೆಡುತ್ತದೆ, ರೋಗನಿರೋಧದ ಬಲ ಕುಂದುತ್ತದೆ, ನೆನಪೂ ಮಸಳುತ್ತದೆ. ಆಹಾರ ವಿಹಾರ ನಿದ್ರೆ ಎಚ್ಚರಗಳಲ್ಲಿ ಮಿತವಿರಬೇಕೆಂದು ಗೀತೆಯ ಆರನೆಯ ಅಧ್ಯಾಯ ಹೇಳುವುದು ಯೋಗಿಯ ವಿಷಯದಲ್ಲಿ. ಗೃಹಸ್ಥನಿಗೆ ಅದರ ಅಗತ್ಯ ಇನ್ನೂ ಹೆಚ್ಚು. ಸಂಜೆ ಕಾಲು ಹಾಕುವುದು, ನೆರೆಯವರೊಡನೆ ಜಗುಲಿಯ ಮೇಲೆ ಲೋಕಾಭಿರಾಮ ಮಾತಾಡುವುದು, ಗೊತ್ತಾದ ಹೊತ್ತಿನಲ್ಲಿ ದೀಪವಾರಿಸಿ ಮಲಗುವುದು, ಇವನ್ನು ಸೋಮಾರಿತನವೆಂದು ಹಳಿಯುವವರ ಮಾತಿಗೆ ಕಿವಿಗೊಡಬೇಡಿ. ಹಾಗೆಯೇ, ಒತ್ತಡವೇ ಬೇಡವೆಂದು ನಿವೃತ್ತಿಯ ಮರುದಿನದಿಂದ ಆರಾಮಕುರ್ಚಿಗೆ ಅಂಟಿಕೊಳ್ಳುವ ಹಿರಿಯರೂ ಒಂದಾದರೂ ಹೊಣೆಯನ್ನು ಇಟ್ಟುಕೊಳ್ಳಲಿ. ಮೊಮ್ಮಗಳನ್ನು ಶಾಲೆಗೆ ಬಿಟ್ಟುಬರುವುದಾದರೂ ಸರಿ, ಬೀದಿಯ ಪುಸ್ತಕಭಂಡಾರದ ಲೆಕ್ಕ ಬರೆಯುವುದಾದರೂ ಸರಿ.

ಇಷ್ಟಾಗಿಯೂ ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನ್ನಿಸುವಷ್ಟು ಹೊರೆ ಹೆಚ್ಚಿದವರು ಅದನ್ನು ಒಬ್ಬರೇ ಹೊತ್ತುಕೊಂಡು ಕೂರಬಾರದು, ಮನೆಯವರೂ ಅವರಿಗೆ ಧೈರ್ಯ ಸಾಲದೆಂದು ಮೂದಲಿಸಬಾರದು. 2022ರ ಅಕ್ಟೋಬರ್ 10ರಂದು ದೇಶಾದ್ಯಂತ ಆರಂಭವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮೂಲಾಧಾರ. ಅದರ ದೂರವಾಣಿ ಸಂಖ್ಯೆ 14416; ಹಗಲಿರುಳೆನ್ನದೆ ಕರೆ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ದಯವಿಟ್ಟು ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.